ವಿಕಿರಣಶೀಲ ಅಂಶಗಳಿರುವ ನೀರಿನ ಶುದ್ಧೀಕರಣ: ಬೇರ್ಪಡಿಸಿದ್ದು ಎಲ್ಲಿಗೆ ಹೋಗುತ್ತದೆ?

ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣು ವಿದ್ಯುತ್ ಘಟಕಗಳಿದ್ದು, ತಲಾ 700 ಮೆಗಾವಾಟ್‌ನ ಇನ್ನೆರಡು ಸೇರಲಿವೆ. ಅತ್ತ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಕೊಳವೆಬಾವಿಗಳಲ್ಲಿ ಯುರೇನಿಯಂ ಪತ್ತೆಯಾಗಿದೆ. ಇವೆರಡೂ ಪರಸ್ಪರ ಸಂಬಂಧವಿಲ್ಲದ ಸಂಗತಿಗಳು. ಪೂರ್ವ ಜಿಲ್ಲೆಗಳ ಯುರೇನಿಯಂ ಅಲ್ಲಿನ ಗ್ರಾನೈಟ್ ಶಿಲೆಯಿಂದಲೇ ನೀರಿಗೆ ಕರಗಿ ಬಂದದ್ದು. ಬೆಳ್ಳಾರೆಯ ಅಡಿಕೆ ಬೆಳೆಗಾರರು ಈ ವ್ಯತ್ಯಾಸವನ್ನು ತಿಳಿದಿರುವುದು ಅಗತ್ಯ.

ವಿಕಿರಣಶೀಲ ಧಾತುವನ್ನು ಕುದಿಸಿ, ಕ್ಲೋರಿನ್ ಬೆರೆಸಿ ಅಥವಾ ಸೂಕ್ಷ್ಮಜೀವಿಗಳ ಮೂಲಕ ನಾಶಪಡಿಸಲಾಗದು. ಕುದಿಸಿದರೆ ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಸಾಧ್ಯವಿರುವುದು ಬೇರ್ಪಡಿಸುವುದು ಮಾತ್ರ. ರಾಸಾಯನಿಕಗಳಿಂದ ಗಸಿಯಾಗಿಸುವುದು, ಅಯಾನು ವಿನಿಮಯ ರಾಳದಲ್ಲಿ ಹಿಡಿದಿಡುವುದು, ಆವೀಕರಣ ಹಾಗೂ ಆರ್.ಒ. ಪೊರೆಯ ಮೂಲಕ ಸೋಸುವುದು ಇದರ ಮುಖ್ಯ ವಿಧಾನಗಳು. ಅಣು ಸ್ಥಾವರಗಳಲ್ಲಿ ಹೀಗೆ ಉಳಿದ ಗಸಿ ಮತ್ತು ರಾಳವನ್ನು ಘನೀಕರಿಸಿ ಕಾಪಿಡುತ್ತಾರೆ.

ಆದರೆ ಟ್ರಿಟಿಯಂ ನೀರಿನ ಅಣುವಿನ ಭಾಗವೇ ಆಗಿರುವುದರಿಂದ ಈ ಸಾಮಾನ್ಯ ವಿಧಾನಗಳಿಗೆ ಸಿಗುವುದಿಲ್ಲ. ಜಪಾನಿನ ಫುಕುಶಿಮಾದಲ್ಲಿ ಇತರ ಧಾತುಗಳನ್ನು ಸೋಸಿದ ಬಳಿಕ, ಟ್ರಿಟಿಯಂ ಪ್ರಮಾಣ ಲೀಟರಿಗೆ 1500 ಬೆಕೆರೆಲ್‌ಗಿಂತ ಕಡಿಮೆಯಾಗುವಂತೆ ದುರ್ಬಲಗೊಳಿಸಿದ ನೀರನ್ನು 2023ರ ಆಗಸ್ಟ್ 24ರಿಂದ ಸಮುದ್ರಕ್ಕೆ ಬಿಡಲಾಗುತ್ತಿದೆ.

ಇದೇ ತತ್ತ್ವ ಮನೆಯ ಆರ್.ಒ. ಯಂತ್ರಕ್ಕೂ ಅನ್ವಯಿಸುತ್ತದೆ. ಅದು ಯುರೇನಿಯಂನ ಹೆಚ್ಚಿನ ಭಾಗವನ್ನು ತಡೆಯುತ್ತದೆ. ತಡೆದದ್ದು ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಸಾಂದ್ರವಾಗಿ ಉಳಿಯುತ್ತದೆ. ಆ ನೀರನ್ನು ಬಾವಿಯ ಬಳಿಯ ಇಂಗುಗುಂಡಿಗೆ ಬಿಟ್ಟರೆ, ತೆಗೆದದ್ದನ್ನು ಮರಳಿ ಅಂತರ್ಜಲಕ್ಕೆ ಸೇರಿಸಿದಂತಾಗುತ್ತದೆ.

ಪೂರ್ವ ಜಿಲ್ಲೆಗಳ ಫಲಿತಾಂಶವನ್ನು ಬೆಳ್ಳಾರೆಗೆ ನೇರವಾಗಿ ಅನ್ವಯಿಸಲಾಗದು. ಇಲ್ಲಿ ಮಳೆ ಸಮೃದ್ಧ. ಮುರಕಲ್ಲಿನ ತೆರೆದ ಬಾವಿ ಹಾಗೂ ಸುರಂಗಗಳಲ್ಲಿ ದೊರೆಯುವುದು ಬಹುಪಾಲು ಇತ್ತೀಚೆಗೆ ಇಂಗಿದ ಮಳೆನೀರು. ಆಳದ ಕೊಳವೆಬಾವಿಯ ನೀರು ಶಿಲೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತದ್ದಾಗಿರಬಹುದು. ಆದುದರಿಂದ ಪರೀಕ್ಷೆಯೇ ನಿರ್ಣಾಯಕ.

ರೈತರು ಮತ್ತು ವಿಸ್ತರಣಾ ಕಾರ್ಯಕರ್ತರು ಗಮನಿಸಬೇಕಾದ ಅಂಶಗಳು:

1. ಆಳದ ಕೊಳವೆಬಾವಿಯ ನೀರನ್ನು ಕುಡಿಯಲು ಬಳಸುವ ಕುಟುಂಬಗಳು ಒಮ್ಮೆ ಯುರೇನಿಯಂ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ. ಟಿ.ಡಿ.ಎಸ್. ಮಾಪಕ ಇದನ್ನು ತೋರಿಸುವುದಿಲ್ಲ.

2. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಇದನ್ನು ಮೀರಿದ ನೀರನ್ನು ದೀರ್ಘಕಾಲ ಕುಡಿದಲ್ಲಿ ಮುಖ್ಯ ಅಪಾಯ ಮೂತ್ರಪಿಂಡಗಳಿಗೆ.

3. ಮಿತಿ ಮೀರಿದ್ದಲ್ಲಿ ಕುಡಿಯಲು ಮತ್ತು ಅಡುಗೆಗೆ ತೆರೆದ ಬಾವಿಯ ನೀರು ಅಥವಾ ಸೋಸಿ ಸಂಗ್ರಹಿಸಿದ ಮಳೆನೀರನ್ನು ಬಳಸುವುದು ಉತ್ತಮ. ಅದನ್ನು ಕುದಿಸಿಯೇ ಕುಡಿಯಬೇಕು.

4. ಅಂತಹ ಕಡೆ ಆರ್.ಒ. ತ್ಯಾಜ್ಯ ನೀರನ್ನು ತರಕಾರಿ ಮಡಿಗಳಿಗೆ ಹಾಯಿಸಬಾರದು, ಜಾನುವಾರುಗಳಿಗೂ ಕುಡಿಸಬಾರದು. ಹಳೆಯ ಪೊರೆ ಮತ್ತು ರಾಳವನ್ನು ಗೊಬ್ಬರದ ಗುಂಡಿಗೆ ಎಸೆಯದೆ ಪೂರೈಕೆದಾರರಿಗೆ ಹಿಂದಿರುಗಿಸಬೇಕು.

ಶುದ್ಧೀಕರಣ ಯಂತ್ರವನ್ನು ಕೊಳ್ಳುವಾಗ ಬೆಲೆಯ ಜೊತೆಗೆ, ಬೇರ್ಪಡಿಸಿದ್ದನ್ನು ಎಲ್ಲಿ ವಿಲೇವಾರಿ ಮಾಡಬೇಕೆಂಬುದನ್ನೂ ಕೇಳಿ ತಿಳಿದುಕೊಳ್ಳುವುದು ಅವಶ್ಯಕ.