ಚಿತ್ರದ ಮನೆ ಬೇಡ ಮಾರಾಯ್ರೇ!

ಎರಡು ಬೆಟ್ಟ. ನಡುವೆ ಅರ್ಧ ಸೂರ್ಯ. ಅಲ್ಲಿಂದ ಹಾವಿನ ಹಾಗೆ ಇಳಿದು ಬರೋ ನದಿ. ಪಕ್ಕದಲ್ಲಿ ಕೆಂಪು ಹೆಂಚಿನ ಮನೆ, ಒಂದು ತೆಂಗಿನ ಮರ, ಮೇಲೆ ನಾಲ್ಕು ಹಕ್ಕಿ. ನೀವೂ ಬರೆದಿದ್ದೀರಿ, ನಾನೂ ಬರೆದಿದ್ದೇನೆ. ನಿಜ ಹೇಳಿ, ನಿಮ್ಮಲ್ಲಿ ಎಷ್ಟು ಜನ ಆ ಮನೆಯಲ್ಲಿ ವಾಸ ಮಾಡಿದ್ದೀರಿ?

ವಾರವಿಡೀ ಕೋಡ್ ಕುಟ್ಟೋ ನಾನು ಶನಿವಾರ ಬೆಳಗ್ಗೆ ಬೆಂಗಳೂರಿನ ಹೊರವಲಯದ ಒಂದು ಸರ್ಕಾರಿ ಶಾಲೆಗೆ ಹೋಗಿ ಐದನೇ ತರಗತಿಗೆ ಚಿತ್ರ ಹೇಳಿಕೊಡ್ತೀನಿ. ಅಲ್ಲಿ ಚಿತ್ರಕಲಾ ಶಿಕ್ಷಕರಿಲ್ಲ. ನನ್ನ ಹತ್ತಿರ ಇರೋದೂ ಬರೀ ಬಿ.ಇ. ಡಿಗ್ರಿ :) ಮಕ್ಕಳಲ್ಲಿ ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯವರು. ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಬಂದವರು. ವಾಸ ನೀಲಿ ತಗಡಿನ ಶೆಡ್ಡಿನಲ್ಲಿ.

‘ನನ್ನ ಮನೆ’ ಅಂತ ಒಂದು ಪಾಠ ಮಾಡೋಣ ಅಂದುಕೊಂಡೆ. ಆಫೀಸಿನ ಅಭ್ಯಾಸ ನೋಡಿ, ನಿಮಿಷ ಲೆಕ್ಕ ಹಾಕಿ ಪ್ಲಾನ್ ಮಾಡಿದೆ. ಐದು ನಿಮಿಷ ಪೀಠಿಕೆ, ಹತ್ತು ನಿಮಿಷ ಬೋರ್ಡಿನ ಮೇಲೆ ಮಾದರಿ, ಇಪ್ಪತ್ತೈದು ನಿಮಿಷ ಮಕ್ಕಳ ಚಿತ್ರ. ಬೋರ್ಡಿನ ಮೇಲೆ ನಾನು ಬರೆದದ್ದು ಯಾವ ಮನೆ ಅಂತೀರಾ? ಅದೇ, ಹೆಂಚಿನದು! ಎರಡನೇ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು, “ಸರ್, ನಮ್ಮನಿ ಬರೀಬೇಕೇನ್ರೀ, ಇಲ್ಲಾ ಚಿತ್ರದಾಗಿನ ಮನಿ ಬರೀಬೇಕ್ರೀ?”

ಅವಳು ಕುಹಕ ಆಡಲಿಲ್ಲ. ನಿಜವಾಗಲೂ ಸಂಶಯ ಕೇಳಿದ್ದು. ಇರೋ ಮನೆ ಬೇರೆ, ಚಿತ್ರಕ್ಕೆ ಯೋಗ್ಯವಾದ ಮನೆ ಬೇರೆ ಅಂತ ಕಲಿಸಿರೋದು ನಾವೇ ತಾನೆ? ಬಳಸೋರನ್ನ ಒಂದು ಮಾತೂ ಕೇಳದೆ ರಿಕ್ವೈರ್‌ಮೆಂಟ್ ಬರೆಯೋರನ್ನ ದಿನಾ ಬೈಯೋ ನಾನು ಮಾಡಿದ್ದೂ ಅದನ್ನೇ.

ಬೋರ್ಡಿನ ಮೇಲೆ ಮಾದರಿ ಬರೆದು “ನೋಡಿ ಬರೀರಿ” ಅನ್ನೋದು ಚಿತ್ರಕಲೆಯ ಪಾಠವೇ ಅಲ್ಲ. ಅದು ಕಾಪಿ ಬರಹ. ವಿಷಯ ‘ಮನೆ’ ಆದಾಗ ಅದು ಇನ್ನೂ ಕೆಟ್ಟದ್ದು. ನಿನ್ನ ಮನೆ ಮನೆಯೇ ಅಲ್ಲ ಅಂತ ನಯವಾಗಿ ಹೇಳಿದ ಹಾಗೆ.

ಪ್ಲಾನ್ ಹರಿದು ಹಾಕಿದೆ. ಮುಂದಿನ ಶನಿವಾರ ಬಣ್ಣ ಮುಟ್ಟಲೇ ಇಲ್ಲ, ಬರೀ ಪ್ರಶ್ನೆ. ಮಲಗಿದಾಗ ಮೇಲೆ ಏನು ಕಾಣುತ್ತೆ? ನೀರು ಎಲ್ಲಿಂದ ಬರುತ್ತೆ? ಮಳೆ ಬಂದರೆ ಎಂಥ ಸದ್ದು? ನಿಮ್ಮ ವಸ್ತು ಎಲ್ಲಿಡ್ತೀರಿ? ಅದರ ಮುಂದಿನ ವಾರ ಕಾಗದ ಕೊಟ್ಟೆ. ಮಾದರಿ ಇಲ್ಲ, ಅಂಕ ಇಲ್ಲ, ಯಾವ ಮನೆ ಅನ್ನೋದು ಅವರಿಷ್ಟ.

ಒಬ್ಬ ಹುಡುಗ ಹಾಳೆಯ ಎರಡು ತುದಿಗೆ ಎರಡು ಪುಟ್ಟ ಮನೆ ಬರೆದು ನಡುವೆ ಹಾಳೆ ತುಂಬ ಒಂದು ಬಸ್ಸು ಬರೆದ. ಆ ಹುಡುಗಿ ಶೆಡ್ಡಿನ ಒಳಗನ್ನು ಬರೆದಳು. ಬಟ್ಟೆ ಹಾಕಿದ ಹಗ್ಗ, ಟ್ರಂಕು, ಸ್ಟವ್ವು. ನೀಲಿ ಕ್ರೇಯಾನ್ ಕೊಡೋಕೆ ಹೋದರೆ ಬೇಡ ಅಂದಳು. “ಒಳಗ ನೀಲಿ ಇರಂಗಿಲ್ರೀ ಸರ್, ಬೂದಿ ಬಣ್ಣ ಐತ್ರೀ.” ಹನ್ನೆರಡು ಬಣ್ಣದ ಡಬ್ಬಿಯಲ್ಲಿ ಬೂದಿ ಇರಲಿಲ್ಲ. ಪೆನ್ಸಿಲ್ ಸೀಸ ಪುಡಿ ಮಾಡಿ ಬೆರಳಲ್ಲಿ ಉಜ್ಜಿದಳು. ದಿನಾ ಬೈಕಲ್ಲಿ ಹೋಗ್ತಾ ಹೊರಗಿನಿಂದ ನೋಡೋ ನನಗೆ ಆ ಶೆಡ್ಡು ಬರೀ ನೀಲಿ!

ಗೆಳೆಯರೊಬ್ಬರು ಬೈದರು. “ಬಡತನ ಯಾಕೆ ನೆನಪಿಸ್ತೀಯಾ? ಮಕ್ಕಳು ಕನಸಾದರೂ ಕಾಣಲಿ ಬಿಡು.” ಸ್ವಾಮಿ, ಬೆಟ್ಟ-ಸೂರ್ಯ-ಹೆಂಚು ಅವರ ಕನಸಲ್ಲ. ನಾವು ಹಂಚಿದ ಜೆರಾಕ್ಸು. ಕನಸಿನ ಮನೆ ಬರೆಯೋ ಮಗು ಧಾರಾಳವಾಗಿ ಬರೆಯಲಿ, ಒಬ್ಬ ಮೂರು ಮಹಡಿಯದ್ದು ಬರೆದ. ಹಾಗಂತ ಶೆಡ್ಡಿನ ಚಿತ್ರ ತೋರಿಸಿ “ಅಯ್ಯೋ ಪಾಪ” ಗಿಟ್ಟಿಸೋದೂ ತಪ್ಪೇ. ಅದಕ್ಕೇ ಒಂದು ಚಿತ್ರವನ್ನೂ ಇಲ್ಲಿ ಹಾಕಿಲ್ಲ.

ನಮ್ಮ ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಬರೆಯೋ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಬಣ್ಣಕ್ಕೆ ಯಾವ ಅಂಗಡಿಗೂ ಹೋದವರಲ್ಲ. ಸೀಸ ಪುಡಿ ಮಾಡಿದ ಹುಡುಗಿ ಅವರ ಸಾಲಿಗೇ ಸೇರಿದವಳು, ಬೆಟ್ಟ-ಸೂರ್ಯ ತಿದ್ದಿಸೋ ನಾವಲ್ಲ.

ನಮ್ಮಜ್ಜಿಯ ತವರು ಶರಾವತಿ ಹಿನ್ನೀರಿನ ಅಡಿ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗೀತು, ಆ ಮನೆಯೂ ಹೋಯ್ತು. ಚಿಕ್ಕವನಿದ್ದಾಗ “ಹ್ಯಾಂಗಿತ್ತಜ್ಜಿ ಆ ಮನೆ?” ಅಂದಿದ್ದಕ್ಕೆ ಅಂಗಳದಲ್ಲಿ ಕಡ್ಡಿ ಹಿಡಿದು ಗೀಚಿದ್ದಳು. ಮಾಡು, ಹೆಂಚು ಬರೆಯಲೇ ಇಲ್ಲ. ಕೊಟ್ಟಿಗೆಯಿಂದ ಶುರುಮಾಡಿ ಬಚ್ಚಲ ಒಲೆ, ಬಾವಿಗೆ ಹೋಗೋ ದಾರಿ, ಅವಳಮ್ಮ ಅಕ್ಕಿ ಆರಿಸ್ತಾ ಕೂರುತ್ತಿದ್ದ ಮೂಲೆ. ಹೊರಗಿನಿಂದ ಆ ಮನೆ ಹೇಗೆ ಕಾಣ್ತಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಒಳಗೆ ಮಾತ್ರ ಕಣ್ಣು ಕಟ್ಟಿ ಬಿಟ್ಟರೂ ಓಡಾಡಬಲ್ಲೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯಲ್ಲಿ ಕಲೆಗೆ ಉಳಿದ ವಿಷಯಗಳ ಸಾಲಲ್ಲೇ ಜಾಗ ಕೇಳಿತ್ತು. 2020ರ ಶಿಕ್ಷಣ ನೀತಿಯಲ್ಲೂ ಕಲೆಯ ಮಾತಿದೆ. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಬೋರ್ಡಿನ ಮೇಲೆ ಇನ್ನೂ ಅವೇ ಎರಡು ಬೆಟ್ಟ.

ನಿಮ್ಮ ಮನೆಯ ಮಗುವೂ ನಾಳೆ ಅದನ್ನೇ ಬರೆದು ತಂದು ತೋರಿಸಬಹುದು. “ವೆರಿ ಗುಡ್” ಅನ್ನೋ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: “ಇದರಲ್ಲಿ ನೀನು ಮಲಗೋದು ಎಲ್ಲಿ ಪುಟ್ಟಾ?”

ಏನಂತೀರಾ?