ಹತ್ತನೆಯ ತರಗತಿಯಿಂದ ಹೊರಬಿದ್ದ ಜೀವವಿಕಾಸ

2022ರ ಮೇ, ಜೂನ್ ತಿಂಗಳುಗಳಲ್ಲಿ ಕರ್ನಾಟಕದ ಸಾಹಿತ್ಯವಲಯದಲ್ಲಿ ಪಠ್ಯಪುಸ್ತಕದ್ದೇ ಮಾತು. ರೋಹಿತ್ ಚಕ್ರತೀರ್ಥ ಅವರ ಅಧ್ಯಕ್ಷತೆಯ ಸಮಿತಿಯು ಕನ್ನಡ ಮತ್ತು ಸಮಾಜ ವಿಜ್ಞಾನದ ಪಠ್ಯಗಳನ್ನು ಪರಿಷ್ಕರಿಸಿದ ರೀತಿಯನ್ನು ವಿರೋಧಿಸಿ ಸಭೆಗಳು ನಡೆದವು, ಹೇಳಿಕೆಗಳು ಹೊರಬಂದವು. ದೇವನೂರ ಮಹಾದೇವ ಅವರು ತಮ್ಮ ಬರಹವನ್ನು ಪಠ್ಯದಲ್ಲಿ ಬಳಸಲು ಕೊಟ್ಟಿದ್ದ ಅನುಮತಿಯನ್ನೇ ಹಿಂದಕ್ಕೆ ಪಡೆದರು. ಯಾರ ಪಾಠ ಇರಬೇಕು, ಯಾರದು ಹೋಗಬೇಕು ಎಂಬ ಆ ಜಗಳ ನ್ಯಾಯವಾದದ್ದೇ. ಆದರೆ ಅದೇ ಜೂನ್ ತಿಂಗಳಿನಲ್ಲಿ ದೆಹಲಿಯ ಎನ್‌ಸಿಇಆರ್‌ಟಿ ಸಂಸ್ಥೆಯು ಕಲಿಕೆಯ ಹೊರೆ ಇಳಿಸುವ ಹೆಸರಿನಲ್ಲಿ ಒಂದು ಪಟ್ಟಿಯನ್ನು ಪ್ರಕಟಿಸಿತು. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಅಧ್ಯಾಯದ ಉತ್ತರಾರ್ಧ ಆ ಪಟ್ಟಿಯಲ್ಲಿತ್ತು. 2023ರಲ್ಲಿ ಪುಸ್ತಕ ಮರುಮುದ್ರಣವಾಗಿ ಬಂದಾಗ ಶೀರ್ಷಿಕೆಯಲ್ಲಿ ‘ಅನುವಂಶೀಯತೆ’ ಮಾತ್ರ ಉಳಿದಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ದೇಶದ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹಿಂದಿನ ವರ್ಷ ಬೀದಿಗಿಳಿದಿದ್ದ ಕನ್ನಡ ಸಾಹಿತ್ಯಲೋಕದಿಂದ ಅಷ್ಟೇ ಗಟ್ಟಿಯಾದ ದನಿ ಹೊರಡಲಿಲ್ಲ. ವಿಜ್ಞಾನದ ಪುಸ್ತಕ ವಿಜ್ಞಾನಿಗಳ ಪಾಡು ಎಂದು ಕನ್ನಡದ ಮೇಷ್ಟ್ರುಗಳು ಭಾವಿಸಿದಂತಿತ್ತು. ಈ ಭಾವನೆ ತಪ್ಪು. ಹತ್ತನೆಯ ತರಗತಿಯಿಂದ ಹೊರಬಿದ್ದದ್ದು ಜೀವಶಾಸ್ತ್ರದ ಒಂದು ಅಧ್ಯಾಯ ಮಾತ್ರವಲ್ಲ, ಕನ್ನಡದ ಒಂದು ಪಾಠವೂ ಹೌದು.

ಕಳೆದುಹೋದ ಪುಟಗಳಲ್ಲಿ ಇದ್ದದ್ದೇನು? ಹಸಿರು ಪೊದೆಯಲ್ಲಿ ವಾಸಿಸುವ ಕೆಂಪು ದುಂಬಿಗಳ ನಡುವೆ ಒಂದು ಹಸಿರು ದುಂಬಿ ಹುಟ್ಟಿದರೆ ಕಾಗೆಯ ಕಣ್ಣಿಗೆ ಯಾವುದು ಬೀಳುತ್ತದೆ, ಯಾವುದು ಉಳಿಯುತ್ತದೆ ಎಂಬ ಸರಳ ಉದಾಹರಣೆಯಿತ್ತು. ಆನೆಯ ಕಾಲ್ತುಳಿತಕ್ಕೆ ಸಿಕ್ಕಿ ಹೆಚ್ಚಿನ ದುಂಬಿಗಳು ಸತ್ತು, ಬದುಕುಳಿದವು ಅಕಸ್ಮಾತ್ತಾಗಿ ನೀಲಿಯವೇ ಆಗಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಯಿತ್ತು. ಒಂದೇ ಕಾಡುಕೋಸಿನಿಂದ ರೈತರು ಆರಿಸುತ್ತಾ ಬಂದು ಎಲೆಕೋಸು, ಹೂಕೋಸು, ನವಿಲುಕೋಸುಗಳನ್ನು ಪಡೆದ ವಿವರವಿತ್ತು. ಪಳೆಯುಳಿಕೆಗಳ ಮಾತಿತ್ತು, ಮಾನವಕುಲವೆಲ್ಲ ಒಂದೇ ಪ್ರಭೇದ ಎಂಬ ತಿಳಿವಳಿಕೆಯಿತ್ತು. ಇದರಲ್ಲಿ ಹದಿನೈದು ವರ್ಷದ ಮಗುವಿಗೆ ಹೊರೆಯಾಗುವಂಥದ್ದು ಯಾವುದು? ಕರ್ನಾಟಕದ ಪ್ರೌಢಶಾಲೆಗಳ ವಿಜ್ಞಾನ ಪಠ್ಯವು ಎನ್‌ಸಿಇಆರ್‌ಟಿ ಪಠ್ಯವನ್ನು ಆಧರಿಸಿದ್ದು. ದೆಹಲಿಯಲ್ಲಿ ಅಧ್ಯಾಯವೊಂದರ ಮೇಲೆ ಎಳೆದ ಗೆರೆಯ ಕೊನೆ ಮಾಗಡಿಯ ಸರ್ಕಾರಿ ಪ್ರೌಢಶಾಲೆಯ ಕನ್ನಡ ಮಾಧ್ಯಮದ ಬೆಂಚಿನವರೆಗೂ ಬಂದು ಮುಟ್ಟುತ್ತದೆ.

ಈ ಆಕ್ಷೇಪಕ್ಕೆ ಸಿದ್ಧವಾಗಿರುವ ಉತ್ತರವೊಂದಿದೆ: ವಿಷಯವನ್ನು ತೆಗೆದಿಲ್ಲ, ಅದು ಹನ್ನೆರಡನೆಯ ತರಗತಿಯಲ್ಲಿ ಇದ್ದೇ ಇದೆ. ಮಾತು ಅಕ್ಷರಶಃ ನಿಜ, ಅರ್ಥದಲ್ಲಿ ಸುಳ್ಳು. ದ್ವಿತೀಯ ಪಿಯುಸಿಯಲ್ಲಿ ಜೀವಶಾಸ್ತ್ರ ಓದುವವರು ಅದನ್ನು ಆರಿಸಿಕೊಂಡವರು ಮಾತ್ರ. ಕಲಾ ವಿಭಾಗಕ್ಕೆ ಹೋದವರು, ವಾಣಿಜ್ಯಕ್ಕೆ ಹೋದವರು, ಐಟಿಐ ಸೇರಿದವರು, ಎಸ್‌ಎಸ್‌ಎಲ್‌ಸಿಗೇ ಓದು ಮುಗಿಸಿ ದುಡಿಮೆಗೆ ಇಳಿದವರು, ಇವರಲ್ಲಿ ಯಾರಿಗೂ ಅದು ದೊರೆಯುವುದಿಲ್ಲ. ಎಲ್ಲ ಮಕ್ಕಳೂ ಒಟ್ಟಿಗೆ ಕುಳಿತು ವಿಜ್ಞಾನ ಕೇಳುವ ಕೊನೆಯ ಕೊಠಡಿ ಹತ್ತನೆಯ ತರಗತಿ. ಅದರಾಚೆಗೆ ಇನ್ನೊಂದು ಬೇಲಿಯಿದೆ, ಅದು ಭಾಷೆಯದು. ಪಿಯುಸಿಯಲ್ಲಿ ವಿಜ್ಞಾನವು ಬಹುತೇಕ ಇಂಗ್ಲಿಷಿನಲ್ಲೇ ನಡೆಯುತ್ತದೆ. ಆದ್ದರಿಂದ ಜೀವವಿಕಾಸವನ್ನು ಹತ್ತರಿಂದ ಹನ್ನೆರಡಕ್ಕೆ ಸಾಗಿಸುವುದೆಂದರೆ ಅದನ್ನು ಕನ್ನಡದಿಂದ ಇಂಗ್ಲಿಷಿಗೆ ಸಾಗಿಸುವುದು. ‘ಪ್ರಭೇದ’, ‘ಪಳೆಯುಳಿಕೆ’, ‘ನಿಸರ್ಗದ ಆಯ್ಕೆ’, ‘ಸಾಮಾನ್ಯ ಪೂರ್ವಜ’ ಮುಂತಾದ ಪದಗಳನ್ನು ಕನ್ನಡದ ಮಗು ಪರೀಕ್ಷೆಗಾಗಿಯಾದರೂ ಒಮ್ಮೆ ಬರೆಯುತ್ತಿದ್ದ ಏಕೈಕ ಜಾಗ ಈಗಿಲ್ಲ. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದದ್ದು, ಬಿ.ಜಿ.ಎಲ್. ಸ್ವಾಮಿಯವರು ಗಿಡಮರಗಳ ಶಾಸ್ತ್ರವನ್ನು ಹರಟೆಯ ಹದಕ್ಕೆ ತಂದದ್ದು ಈ ಬೇಲಿಯನ್ನು ಕೀಳುವುದಕ್ಕೆ. ಕಿತ್ತ ಬೇಲಿಯನ್ನು ಮತ್ತೆ ನೆಡುವಾಗ ಕನ್ನಡದ ವಿದ್ವಾಂಸರಿಗೆ ತಿಳಿಯಲೇ ಇಲ್ಲವೆಂದರೆ ಹೇಗೆ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳನ್ನು ನೋಡಿದರೆ ಈ ನಷ್ಟದ ವಿಪರ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. 2007ರಲ್ಲಿ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ‘ಬೆಂಗಳೂರು ದಕ್ಷಿಣ’ ಎಂಬ ಹೆಸರು ಪಡೆದ ಈ ಸೀಮೆ ಜೀವವಿಕಾಸವನ್ನು ಕಲಿಸಲು ಹೇಳಿಮಾಡಿಸಿದಂತಿದೆ. ರಾಮದೇವರ ಬೆಟ್ಟದ ಬಂಡೆಗಳಿಗೆ ಭೂವಿಜ್ಞಾನದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರೇ. ಆ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ‘ಶೋಲೆ’ ಚಿತ್ರ ತೆಗೆದ ಜಾಗವೆಂದು ಊರಿನ ಮಕ್ಕಳಿಗೆಲ್ಲ ಗೊತ್ತಿರುವ ಆ ಬಂಡೆ, ಜೀವಿಗಳು ನಿಧಾನವಾಗಿ ಬದಲಾಗಲು ಬೇಕಾದಷ್ಟು ಕಾಲ ಭೂಮಿಗೆ ದಕ್ಕಿತ್ತು ಎಂಬುದಕ್ಕೆ ಕಾಲಡಿಯಲ್ಲೇ ನಿಂತ ಸಾಕ್ಷಿ. ಅದನ್ನು ಸಾಕ್ಷಿಯಾಗಿ ಓದಲು ಕಲಿಸುವ ಪುಟವೇ ಪುಸ್ತಕದಲ್ಲಿಲ್ಲ.

ರೇಷ್ಮೆಯ ಕತೆಯೂ ಹೀಗೆಯೇ. ರಾಮನಗರದ ಗೂಡು ಮಾರುಕಟ್ಟೆಗೆ ಬರುವ ಗೂಡಿನ ಹಿಂದೆ ಸಾವಿರಾರು ವರ್ಷಗಳ ಆಯ್ಕೆಯಿದೆ. ಕಾಡಿನ ಪೂರ್ವಜನಿಂದ ಮನುಷ್ಯನು ಆರಿಸುತ್ತಾ ಆರಿಸುತ್ತಾ ಬೇರ್ಪಡಿಸಿಕೊಂಡ ಸಾಕುರೇಷ್ಮೆಯ ಚಿಟ್ಟೆಗೆ ಇಂದು ರೆಕ್ಕೆಯಿದ್ದೂ ಹಾರಲಾಗದು. ಮೈಸೂರು ತಳಿಯ ಹೆಣ್ಣನ್ನು ದ್ವಿತಳಿಯ ಗಂಡಿನೊಡನೆ ಕೂಡಿಸಿ ಮಿಶ್ರತಳಿ ಮೊಟ್ಟೆ ಪಡೆಯುವುದು, ಒಂದರ ತಾಳಿಕೆಯನ್ನೂ ಇನ್ನೊಂದರ ನೂಲಿನ ಗುಣವನ್ನೂ ಸೇರಿಸುವುದು, ಇದು ಈ ಭಾಗದ ರೈತನ ಮನೆಮಾತು. ಹುಳು ಎಷ್ಟನೆಯ ಜ್ವರ ಎದ್ದಿದೆ ಎಂದು ನೋಟದಲ್ಲೇ ಹೇಳುವ ಹುಡುಗಿಗೆ ತಳಿ, ವ್ಯತ್ಯಾಸ, ಆಯ್ಕೆ ಎಂಬುವು ಅನುಭವದ ಸಂಗತಿಗಳು. ಡಾರ್ವಿನ್ ಕೂಡ ಸಾಕುಪ್ರಾಣಿಗಳು ಮತ್ತು ಸಸ್ಯಗಳಲ್ಲಿನ ಮಾರ್ಪಾಡುಗಳನ್ನು ಕುರಿತ ತನ್ನ 1868ರ ಗ್ರಂಥದಲ್ಲಿ ರೇಷ್ಮೆಹುಳುವನ್ನು ಚರ್ಚಿಸಿದ್ದಾನೆ. ಮನುಷ್ಯ ಮಾಡುವ ಆಯ್ಕೆಯಿಂದ ನಿಸರ್ಗದ ಆಯ್ಕೆಗೆ ಹೋಗಲು ಆ ಹುಡುಗಿಗೆ ಬೇಕಾದದ್ದು ಒಂದೇ ಹೆಜ್ಜೆ. ಆ ಹೆಜ್ಜೆಯನ್ನು ತಪ್ಪಿಸಿದವರು ಅವಳ ಹೊರೆ ಇಳಿಸಲಿಲ್ಲ. ಅವಳ ಮನೆಯ ಅರಿವಿಗೂ ಜಗತ್ತಿನ ಶಾಸ್ತ್ರಕ್ಕೂ ಇದ್ದ ಸೇತುವೆಯನ್ನು ಕೆಡವಿದರು.

ಪಠ್ಯದಲ್ಲಿ ಏನಿರಬೇಕೆಂಬುದನ್ನು ಜನರೇ ತೀರ್ಮಾನಿಸಲಿ ಎಂಬ ವಾದವೂ ಆಗಾಗ ಕೇಳಿಬರುತ್ತದೆ. ಅಮೆರಿಕದಲ್ಲಿ ಈ ವ್ಯವಸ್ಥೆಯಿದೆ. ಅಲ್ಲಿ ಶಾಲಾ ಮಂಡಳಿಗಳಿಗೆ ಚುನಾವಣೆ ನಡೆಯುತ್ತದೆ, ಗೆದ್ದವರು ಪಠ್ಯಕ್ಕೂ ಕೈಹಾಕುತ್ತಾರೆ. ಕಾನ್ಸಾಸ್ ರಾಜ್ಯದ ಮಂಡಳಿ 1999ರಲ್ಲಿ ಜೀವವಿಕಾಸದ ಬಹುಭಾಗವನ್ನು ಪಠ್ಯಮಾನದಿಂದ ಕೈಬಿಟ್ಟಿತು, ಚುನಾವಣೆಯ ನಂತರ 2001ರಲ್ಲಿ ಮತ್ತೆ ಸೇರಿಸಿತು, 2005ರಲ್ಲಿ ಮತ್ತೆ ಕೆಡಿಸಿತು, 2007ರಲ್ಲಿ ಮತ್ತೆ ಸರಿಪಡಿಸಿತು. ಆ ಎಂಟು ವರ್ಷಗಳಲ್ಲಿ ಪಳೆಯುಳಿಕೆಗಳು ತಮ್ಮ ಸಾಕ್ಷ್ಯವನ್ನು ಒಮ್ಮೆಯೂ ಬದಲಿಸಿರಲಿಲ್ಲ. ನಿಜವು ಮತಪೆಟ್ಟಿಗೆಯಿಂದ ಹುಟ್ಟುವುದಿಲ್ಲ ಎನ್ನಲು ಬೇರೆ ಉದಾಹರಣೆ ಬೇಡ.

ಆದರೆ ಆ ವ್ಯವಸ್ಥೆಯಲ್ಲಿ ಭಾರತದಲ್ಲಿಲ್ಲದ ಒಂದು ಗುಣವಿದೆ. ಪೆನ್ಸಿಲ್ವೇನಿಯಾದ ಡೋವರ್ ಎಂಬ ಊರಿನ ಶಾಲಾ ಮಂಡಳಿ 2004ರ ಅಕ್ಟೋಬರ್‌ನಲ್ಲಿ ಡಾರ್ವಿನ್ನನ ಸಿದ್ಧಾಂತದ ಮೇಲೆ ಸಂದೇಹ ಹುಟ್ಟಿಸುವ ಹೇಳಿಕೆಯನ್ನು ತರಗತಿಯಲ್ಲಿ ಓದಿಸಬೇಕೆಂದು ನಿರ್ಣಯಿಸಿತು. ಹನ್ನೊಂದು ಮಂದಿ ಪೋಷಕರು ನ್ಯಾಯಾಲಯಕ್ಕೆ ಹೋದರು. ವಿಜ್ಞಾನಿಗಳು ಕಟಕಟೆಯಲ್ಲಿ ನಿಂತು ಸಾಕ್ಷ್ಯ ಹೇಳಿದರು. 2005ರ ನವೆಂಬರ್ ಚುನಾವಣೆಯಲ್ಲಿ ಸ್ಪರ್ಧಿಸಿದ್ದ ಮಂಡಳಿಯ ಎಂಟು ಸದಸ್ಯರನ್ನೂ ಊರಿನವರು ಸೋಲಿಸಿದರು. ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ ಆ ನಿರ್ಣಯವು ಸಂವಿಧಾನಬಾಹಿರವೆಂದು ತೀರ್ಪಿತ್ತರು. ತಪ್ಪು ಮಾಡಿದವರಿಗೆ ಹೆಸರಿತ್ತು, ಅವರನ್ನು ಪ್ರಶ್ನಿಸಲು ವೇದಿಕೆಯಿತ್ತು. ಇಲ್ಲಿ ಮಂಡಳಿಯೂ ಇಲ್ಲ, ಮತದಾನವೂ ಇಲ್ಲ, ಕಟಕಟೆಯೂ ಇಲ್ಲ. 2001ರಿಂದ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕೆನ್ನುತ್ತದೆ. ಬಿಸಿಯೂಟ, ಕಟ್ಟಡ, ಶೌಚಾಲಯ, ಹಾಜರಿ ಇವೆಲ್ಲ ಅವರ ಕಣ್ಗಾವಲಿಗೆ ಬರುತ್ತವೆ. ಪಠ್ಯ ಬರುವುದಿಲ್ಲ, ಬರಲೂಬಾರದು. ಆದರೆ ಪಠ್ಯದಿಂದ ಏನು ತೆಗೆದರು, ಏಕೆ ತೆಗೆದರು ಎಂದು ಕೇಳುವ ಹಕ್ಕಾದರೂ ಆ ಪೋಷಕರಿಗೆ ಇರಬೇಡವೇ? ಊಟದ ಬೇಳೆ ತೆಳುವಾದರೆ ಪ್ರಶ್ನಿಸಬಲ್ಲ ತಾಯಿಗೆ ಪುಸ್ತಕ ತೆಳುವಾದದ್ದನ್ನು ಯಾರೂ ತಿಳಿಸುವುದಿಲ್ಲ.

ಇನ್ನು ಜೈನ ಸಮುದಾಯದೊಳಗೆ ಕೇಳುವ ಎರಡು ಮಾತುಗಳನ್ನು ನೇರವಾಗಿ ಎದುರಿಸಬೇಕು. ಮೊದಲನೆಯದು, ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಜೀವಗಳನ್ನು ವಿಂಗಡಿಸಿದ ಆಗಮಪರಂಪರೆಗೆ ಡಾರ್ವಿನ್ ಹೊಸದೇನನ್ನೂ ಹೇಳಿಲ್ಲ ಎಂಬ ಹೆಮ್ಮೆ. ದಶಾವತಾರದಲ್ಲಿ ವಿಕಾಸವನ್ನು ಕಾಣುವವರ ಮಾತಿಗೆ ಇದು ಜೋಡಿ. ಎರಡೂ ಕಡೆ ಶಾಸ್ತ್ರಕ್ಕೆ ಅಪಚಾರವಾಗುತ್ತದೆ. ಇಂದ್ರಿಯಗಳ ವಿಂಗಡಣೆಯು ಅಹಿಂಸೆಯ ಆಚರಣೆಗೆ ತಳಹದಿ. ಅಲ್ಲಿ ಒಂದು ಗತಿಯಿಂದ ಇನ್ನೊಂದಕ್ಕೆ ಸಾಗುವುದು ಕರ್ಮಬದ್ಧವಾದ ಒಂದೊಂದು ಜೀವ. ಡಾರ್ವಿನ್ 1859ರಲ್ಲಿ ಹೇಳಿದ್ದು ತಲೆಮಾರುಗಳ ಮೂಲಕ ಜೀವಿಸಮೂಹಗಳು ಬದಲಾಗುವ ಬಗೆಯನ್ನು. ಅಲ್ಲಿ ಏಣಿಯಿಲ್ಲ, ಕವಲೊಡೆಯುವ ಮರವಿದೆ. ಒಂದನ್ನು ಇನ್ನೊಂದರ ವೇಷದಲ್ಲಿ ನಿಲ್ಲಿಸಿದರೆ ಎರಡೂ ಅರ್ಥವಾಗುವುದಿಲ್ಲ.

ಎರಡನೆಯದು ಹೆಚ್ಚು ಸೂಕ್ಷ್ಮವಾದ, ಆದ್ದರಿಂದಲೇ ಹೆಚ್ಚು ಅಪಾಯಕಾರಿಯಾದ ಮಾತು: ಅನೇಕಾಂತದ ದೃಷ್ಟಿಯಲ್ಲಿ ಎಲ್ಲ ಅಭಿಪ್ರಾಯಗಳೂ ಸರಿ, ಆದ್ದರಿಂದ ಡಾರ್ವಿನ್ ಇದ್ದರೇನು ಹೋದರೇನು? ಅನೇಕಾಂತವು ಸೋಮಾರಿಗಳ ಆಶ್ರಯವಲ್ಲ. ಜೈನ ಜ್ಞಾನಮೀಮಾಂಸೆಯಲ್ಲಿ ಅರಿವು ದೊರೆಯುವುದು ಪ್ರಮಾಣ ಮತ್ತು ನಯಗಳಿಂದ. ಒಂದು ನಯವು ತನ್ನ ಎಲ್ಲೆಯನ್ನು ಮೀರಿ ಉಳಿದವನ್ನು ನಿರಾಕರಿಸಿದರೆ ಅದನ್ನು ದುರ್ನಯವೆಂದು ಆಚಾರ್ಯರು ಬದಿಗಿಟ್ಟರು. ವಿಜ್ಞಾನದ ತರಗತಿಯ ಎಲ್ಲೆಯಲ್ಲಿ ಮಾತಾಡುವ ಅಧಿಕಾರ ಪ್ರತ್ಯಕ್ಷ ಸಾಕ್ಷ್ಯಕ್ಕೂ ಅದರಿಂದ ಹೊರಟ ಅನುಮಾನಕ್ಕೂ ಸೇರಿದ್ದು. ಆಪ್ತನ ಹಿರಿಮೆಯನ್ನೂ ಪವಾಡದ ಬಲದಿಂದ ಒಪ್ಪದೆ ಯುಕ್ತಿಯ ಒರೆಗೆ ಹಚ್ಚಿದ ಸಮಂತಭದ್ರರ ‘ಆಪ್ತಮೀಮಾಂಸೆ’ಯ ವಾರಸುದಾರರು ಹದಿನೈದರ ಮಕ್ಕಳಿಂದ ಯುಕ್ತಿಯ ಪಾಠ ಕಸಿದಾಗ ಸುಮ್ಮನಿರುವುದು ಆ ಪರಂಪರೆಗೆ ಶೋಭೆಯಲ್ಲ. ಕನ್ನಡದಲ್ಲಿ ರೂಢಿಯಾದ ‘ವಿಕಾಸವಾದ’ ಎಂಬ ಪದವೂ ಈ ಗೊಂದಲಕ್ಕೆ ಎಡೆಮಾಡಿದೆ. ವಾದವೆಂದರೆ ಇನ್ನೂ ನಡೆಯುತ್ತಿರುವ ಚರ್ಚೆ, ಸಿದ್ಧಾಂತವೆಂದರೆ ಪರೀಕ್ಷೆಯಲ್ಲಿ ನಿಂತ ನಿರ್ಣಯ. ಜೀವವಿಕಾಸ ಎರಡನೆಯದಕ್ಕೆ ಸೇರಿದ್ದು. 2018ರ ಜನವರಿಯಲ್ಲಿ ಕೇಂದ್ರದ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಡಾರ್ವಿನ್ ತಪ್ಪೆಂದು ನುಡಿದಾಗ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಹೇಳಿದ್ದೂ ಇದನ್ನೇ. ಅವುಗಳಲ್ಲಿ ಒಂದು ಇರುವುದು ಬೆಂಗಳೂರಿನಲ್ಲಿ.

ಸಾಹಿತ್ಯದ ವಿದ್ಯಾರ್ಥಿಗೆ ಇದರಿಂದ ಆಗುವ ನಷ್ಟವೇನು ಎಂದು ಕೇಳುವವರು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ನೆನೆಯಬೇಕು. 1980ರ ಆ ಕಾದಂಬರಿಯಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಟ ತಂಡವು ಕಾಡಿನೊಳಗೆ ಮಾತ್ರವಲ್ಲ, ಕಾಲದೊಳಗೂ ನಡೆಯುತ್ತದೆ. ವಿಜ್ಞಾನಿ ಕರ್ವಾಲೊಗೆ ಆ ಓತಿ ಏಕೆ ಅಷ್ಟು ದೊಡ್ಡದು ಎಂಬುದು ಜೀವವಿಕಾಸದ ಪರಿಚಯವೇ ಇಲ್ಲದ ಓದುಗನಿಗೆ ತಿಳಿಯುವುದಾದರೂ ಹೇಗೆ? ಅವನಿಗೆ ಅದು ಒಂದು ಬೇಟೆಯ ಕತೆ, ಕೊನೆಯಲ್ಲಿ ಕೈತಪ್ಪಿದ ಹಲ್ಲಿಯ ಕತೆ. ಜೇನು ಕೀಳುವ ಮಂದಣ್ಣನ ಕಣ್ಣೂ ಕರ್ವಾಲೊನ ಶಾಸ್ತ್ರವೂ ಕೂಡಿದಾಗಲೇ ಅರಿವು ಪೂರ್ಣ ಎನ್ನುವ ಕೃತಿಯನ್ನು, ಮಂದಣ್ಣಂದಿರ ಮಕ್ಕಳಿಗೆ ಶಾಸ್ತ್ರವನ್ನು ಮುಚ್ಚಿಟ್ಟ ಕಾಲದಲ್ಲಿ ಪಾಠ ಮಾಡಬೇಕಾಗಿದೆ. ಇನ್ನು ಕೆಲವು ವರ್ಷಗಳಲ್ಲಿ ಸ್ನಾತಕೋತ್ತರ ತರಗತಿಗಳಿಗೆ ಬರುವವರು ಆ ಪುಟವನ್ನು ಕಾಣದೆ ಬೆಳೆದವರೇ ಆಗಿರುತ್ತಾರೆ.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಎನ್‌ಸಿಇಆರ್‌ಟಿ ಕೈಬಿಟ್ಟ ಚರಿತ್ರೆ ಮತ್ತು ಸಮಾಜಶಾಸ್ತ್ರದ ಭಾಗಗಳಿಗಾಗಿ ಕೇರಳ ಸರ್ಕಾರ 2023ರ ಆಗಸ್ಟ್‌ನಲ್ಲಿ ಪೂರಕ ಪಠ್ಯಗಳನ್ನು ಹೊರತಂದಿತು. ಕರ್ನಾಟಕವೂ ಹತ್ತನೆಯ ತರಗತಿಗೆ ಜೀವವಿಕಾಸದ ಪೂರಕ ಪಾಠವೊಂದನ್ನು ಕನ್ನಡದಲ್ಲೇ ಬರೆಸಿ, ಕ್ಲೋಸ್‌ಪೇಟೆಯ ಬಂಡೆಯನ್ನೂ ಮೈಸೂರು ತಳಿಯ ರೇಷ್ಮೆಯನ್ನೂ ಉದಾಹರಣೆಯಾಗಿ ಇಟ್ಟು ಶಾಲೆಗಳಿಗೆ ಕಳುಹಿಸಬಹುದು. ಸರ್ಕಾರ ಮಾಡುವವರೆಗೆ ಕನ್ನಡ ವಿಭಾಗಗಳು ಕಾಯಬೇಕಾಗಿಯೂ ಇಲ್ಲ. ವೈಜ್ಞಾನಿಕ ಮನೋಭಾವವನ್ನು ಬೆಳೆಸುವುದು ಸಂವಿಧಾನದ 51ಎ ವಿಧಿಯ ಪ್ರಕಾರ ಪ್ರತಿಯೊಬ್ಬ ನಾಗರಿಕನ ಕರ್ತವ್ಯ, ವಿಜ್ಞಾನ ವಿಭಾಗದ ಕರ್ತವ್ಯ ಮಾತ್ರವಲ್ಲ.

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು, ಓದಿಗೆ ದೊರೆಯುತ್ತಿರಲಿಲ್ಲ. ಪ್ರತಿ ಮಾಡಲು ಹೊರಟವರು ವಿರೋಧವನ್ನು ಎದುರಿಸಬೇಕಾಯಿತು. ಹೀರಾಲಾಲ ಜೈನರ ಸಂಪಾದನೆಯಲ್ಲಿ ಮೊದಲ ಸಂಪುಟ ಅಚ್ಚಾಗಿ ಬಂದದ್ದು 1939ರಲ್ಲಿ. ಪೂಜೆಗೆ ಇಟ್ಟ ಗ್ರಂಥವನ್ನು ಓದಿಗೆ ತರಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ಜೈನ ವಿದ್ವತ್ತು ಬೇರೆಯವರಿಂದ ಕೇಳಿ ತಿಳಿಯಬೇಕಿಲ್ಲ. ಹೊರೆಯ ಹೆಸರಿನಲ್ಲಿ ತೆಗೆದ ಪುಟಕ್ಕೂ ಭಕ್ತಿಯ ಹೆಸರಿನಲ್ಲಿ ಮುಚ್ಚಿಟ್ಟ ಗರಿಗೂ ಓದುವವನ ಪಾಲಿಗೆ ವ್ಯತ್ಯಾಸವಿಲ್ಲ.