ಹುಲಿ ಕಾಣಿಸ್ತಾ?

ಬಂಡೀಪುರಕ್ಕೆ ಹೋಗಿ ಬಂದೆ ಅಂತ ಆಫೀಸಿನಲ್ಲಿ ಹೇಳಿದರೆ ಸಾಕು, ಎಲ್ಲರದ್ದೂ ಒಂದೇ ಪ್ರಶ್ನೆ: "ಹುಲಿ ಕಾಣಿಸ್ತಾ?" ಇಲ್ಲ ಅಂದರೆ ಮುಖ ಸಪ್ಪಗೆ ಮಾಡಿಕೊಂಡು "ಛೇ, ವೇಸ್ಟ್ ಆಯ್ತಲ್ಲ ಗುರು" ಅಂತಾರೆ. ಮೊದಲು ನಾನೂ ಇದನ್ನೇ ಕೇಳ್ತಿದ್ದೆ. ಈಗ ಬಿಟ್ಟಿದ್ದೀನಿ. ಯಾಕೆ ಅಂತ ಹೇಳ್ತೀನಿ ಕೇಳಿ.

ಕೆಲವು ವರ್ಷಗಳ ಹಿಂದೆ ಟೀಮಿನವರೆಲ್ಲ ಸೇರಿ ಶುಕ್ರವಾರ ಟೆಂಪೋ ಟ್ರಾವೆಲರ್ ಮಾಡಿಕೊಂಡು ಬೆಂಗಳೂರಿಂದ ಊಟಿಗೆ ಹೊರಟೆವು. ವಾಪಸ್ ಬರುವಾಗ ಬಂಡೀಪುರದಲ್ಲಿ ಸಫಾರಿ. ಪ್ಲಾನ್ ಏನೋ ಚೆನ್ನಾಗೇ ಇತ್ತು, ಆದರೆ ಬೆಂಗಳೂರು ಬಿಡುವಷ್ಟರಲ್ಲೇ ಅರ್ಧ ಸಂಜೆ ಕಳೆದಿತ್ತು. ನಂಜನಗೂಡು, ಬೇಗೂರು, ಗುಂಡ್ಲುಪೇಟೆ ದಾಟಿ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ಮುಟ್ಟಿದಾಗ ಗಂಟೆ ಒಂಬತ್ತು ಹತ್ತು. ಗೇಟು ಹಾಕಿಯಾಗಿತ್ತು! ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆಯಲ್ಲಿ ನಮ್ಮಂಥವರ ಗಾಡಿ ಬಿಡೋದಿಲ್ಲ. "ಹತ್ತೇ ನಿಮಿಷ ಸಾರ್" ಅಂತ ಗೋಗರೆದದ್ದೇ ಬಂತು.

ಹುಡುಗರು ಗುಂಡ್ಲುಪೇಟೆಗೆ ವಾಪಸ್ ಬಂದು ಲಾಡ್ಜ್ ಹಿಡಿದರು. ನನ್ನ ಸೋದರಮಾವನ ಊರು ಅಲ್ಲೇ ಕಾಡಂಚಿನಲ್ಲಿ ಇರೋದರಿಂದ ನಾನು ಅಲ್ಲಿಗೆ ಹೋದೆ. ಅತ್ತೆ ಬಾಗಿಲು ತೆಗೆದು "ನಿಮ್ಮಾವ ಹೊಲ್ದ ತಾವ ಅವ್ರ ಕನಪ್ಪ" ಅಂದರು. ಊಟ ಮುಗಿಸಿ ಹೊಲಕ್ಕೆ ಹೋದರೆ ಮಾವ ಅಟ್ಟಣೆ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಕೈಯಲ್ಲಿ ಟಾರ್ಚು, ಪಕ್ಕದಲ್ಲಿ ಒಂದು ಹಳೇ ಡಬ್ಬ, ನಾಲ್ಕು ಪಟಾಕಿ. ಜೋಳಕ್ಕೆ ಹಂದಿ ಬರುತ್ತೆ, ಬಾಳೆಗೆ ಆನೆ ಬರುತ್ತೆ. ಕೊಯ್ಲು ಮುಗಿಯುವ ತನಕ ದಿನಾ ರಾತ್ರಿ ಹೀಗೇ. ನನಗೆ ನೈಟ್ ಶಿಫ್ಟ್ ಇದ್ದರೆ ಕ್ಯಾಬ್ ಇದೆ, ಅಲೋಯೆನ್ಸ್ ಇದೆ, ಮರುದಿನ ನಿದ್ದೆ ಇದೆ. ಮಾವನಿಗೆ ಮರುದಿನ ಅದೇ ಹೊಲದಲ್ಲಿ ಕೆಲಸ.

"ಭಾನುವಾರ ಸಫಾರಿಗೆ ಹೋಗ್ತೀವಿ ಮಾವ, ಹುಲಿ ಕಾಣಿಸುತ್ತಾ?" ಅಂತ ಕೇಳಿದೆ. ಮಾವ ನಕ್ಕರು. "ನಿಮ್ಗ ಹುಲಿ ಕಂಡ್ರ ಖುಸಿ. ನಮ್ಗ ಕಾಣ್ದೆ ಇದ್ರ ಖುಸಿ ಕನಪ್ಪ."

ಹಿಂದಿನ ವರ್ಷ ಮೇಯಲು ಬಿಟ್ಟಿದ್ದ ಅವರ ಹಸುವನ್ನು ಹುಲಿ ಹಿಡಿದಿತ್ತು. ಪರಿಹಾರದ ದುಡ್ಡು ಕೈಗೆ ಬರುವ ತನಕ ಡೇರಿಗೆ ಹಾಕೋ ಹಾಲೂ ಇಲ್ಲ, ಹಸು ತಂದ ಸಾಲದ ಕಂತು ಮಾತ್ರ ತಪ್ಪಲಿಲ್ಲ.

ಆ ರಾತ್ರಿಯಿಂದ ನನಗೆ ಅನ್ನಿಸೋದು ಇಷ್ಟೇ. ಕಾಡು ಉಳಿಸೋದಕ್ಕೆ ಒಂದು ಬೆಲೆ ಇದೆ. ಹುಲಿ ನೋಡೋ ನಾವು ಕೊಡೋದು ಟಿಕೆಟ್ ದುಡ್ಡು ಮಾತ್ರ. ಉಳಿದದ್ದನ್ನೆಲ್ಲ ಕೊಡ್ತಿರೋದು ಕಾಡಂಚಿನ ಊರುಗಳು.

ಲೆಕ್ಕ ನೋಡಿ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. 2022ರ ಗಣತಿಯಲ್ಲಿ ಅಲ್ಲಿ ಸುಮಾರು 150 ಹುಲಿ, ರಾಜ್ಯದಲ್ಲಿ 563. ನಾವು ಎದೆ ತಟ್ಟಿಕೊಂಡೆವು. ತಟ್ಟಿಕೊಳ್ಳಬೇಕಾದದ್ದೇ. ಆದರೆ 2025ರ ಜೂನ್‌ನಲ್ಲಿ ಇದೇ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತು ಬಿದ್ದವು. ಹುಲಿ ಕೊಂದ ಹಸುವಿನ ಮೈಗೇ ವಿಷ ಹಾಕಿದ್ದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ಜನ ಸಿಟ್ಟಿಗೆದ್ದು ಕಾಡುಪ್ರಾಣಿ ಹಿಡಿಯಲು ಇಟ್ಟಿದ್ದ ಬೋನಿಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿ ಹಾಕಿದರು. ವಿಷ ಹಾಕಿದ್ದು ಘೋರ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಪ್ಪು ಅಂತ ಹೇಳಿ ಸುಮ್ಮನಾದರೆ ಇನ್ನೊಂದು ಹುಲಿ ಉಳಿಯಲ್ಲ. ಜನರ ತಾಳ್ಮೆ ಮುಗಿದ ದಿನ ಯಾವ ಕಾನೂನೂ ಕಾಡು ಕಾಯಲ್ಲ.

"ಅವರು ಕಾಡಿನ ಪಕ್ಕ ಯಾಕಿರಬೇಕು? ಬೇರೆ ಕಡೆ ಹೋಗಲಿ" ಅಂತ ಗೆಳೆಯನೊಬ್ಬ ವಾದ ಮಾಡಿದ. ಅವನಿಗೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ವಿಷಯ ಹೇಳಿದೆ. ಹುಲಿ ಮೀಸಲು ಕಾಡಿನೊಳಗೇ ಇದ್ದುಕೊಂಡು 2011ರಲ್ಲಿ ಅರಣ್ಯ ಹಕ್ಕು ಪಡೆದವರು ಅವರು. ಕಾಡಿನೊಳಗೆ ಇದ್ದವರೆಲ್ಲ ಕಾಡಿನ ಶತ್ರುಗಳಲ್ಲ ಮಾರಾಯ.

ಇನ್ನು ಆ ಒಂಬತ್ತು ಗಂಟೆಯ ಗೇಟು. 2009ರಲ್ಲಿ ಜಿಲ್ಲಾಧಿಕಾರಿ ತಂದ ಆದೇಶ ಅದು. ಒತ್ತಡ ಬಂದು ಹಿಂದಕ್ಕೆ ಹೋಯ್ತು, ಆಮೇಲೆ ಹೈಕೋರ್ಟ್ ಅದನ್ನು ಮತ್ತೆ ಜಾರಿಗೆ ತಂದು 2010ರಲ್ಲಿ ಎತ್ತಿ ಹಿಡಿಯಿತು. ಆಂಬುಲೆನ್ಸ್‌ಗೆ, ಕೆಲವೇ ಬಸ್ಸುಗಳಿಗೆ ಬಿಟ್ಟರೆ ಉಳಿದವರು ಕಾಯಬೇಕು. ವಯನಾಡಿನ ಕಡೆಯಿಂದ ಇದನ್ನು ತೆಗೀರಿ ಅನ್ನೋ ಕೂಗು ಇದ್ದೇ ಇದೆ. ಅವರ ಕಷ್ಟ ಸುಳ್ಳಲ್ಲ, ಆದರೂ ತೆಗೆಯಬಾರದು ಅನ್ನೋದು ನನ್ನ ಅಭಿಪ್ರಾಯ. ರಾತ್ರಿ ರಸ್ತೆ ದಾಟೋ ಜಿಂಕೆ ಆನೆಗಳಿಗೆ ಒಂಬತ್ತು ಗಂಟೆ ಸಿಕ್ಕಿದೆ. ಜೊತೆಗೆ ದಾರಿಹೋಕರೂ ಕಾಡಿಗಾಗಿ ಏನಾದರೂ ಕೊಡಬೇಕು ಅಂತ ಹೇಳೋ ನಿಯಮ ಇದು. 2025ರ ನವೆಂಬರ್‌ನಲ್ಲಿ ಸರಗೂರು ಕಡೆ ರೈತರು ಹುಲಿಗೆ ಬಲಿಯಾದ ಮೇಲೆ ಸರ್ಕಾರ ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸಿತು. ನಮ್ಮ ಆಫೀಸಿನಲ್ಲಿ "ವೀಕೆಂಡ್ ಹೋಯ್ತು" ಅಂತ ಗೊಣಗಿದರು. ಹೋಗಲಿ ಬಿಡಿ, ಅಲ್ಲಿ ಮನೆಗಳಲ್ಲಿ ಜನವೇ ಹೋಗಿತ್ತಲ್ಲ!

ಹಾಗಾದರೆ ಏನು ಮಾಡಬೇಕು? ನನ್ನ ತಲೆಗೆ ಹೊಳೆಯೋದು ಎರಡು. ಒಂದು, ಹಸು ಸತ್ತರೆ ವಾರದೊಳಗೆ ಪರಿಹಾರ ಕೈ ಸೇರಬೇಕು. ತಡವಾದಷ್ಟೂ ಸಿಟ್ಟು ಬೆಳೆಯುತ್ತೆ. ಎರಡು, ಸಫಾರಿ ದುಡ್ಡಿನಲ್ಲಿ ಎಷ್ಟು ರೂಪಾಯಿ ಯಾವ ಊರಿನ ಸೋಲಾರ್ ಬೇಲಿಗೆ, ಯಾವ ಊರಿನ ಆನೆ ಕಂದಕಕ್ಕೆ ಹೋಯ್ತು ಅಂತ ಟಿಕೆಟ್ ಕೌಂಟರ್ ಪಕ್ಕದಲ್ಲೇ ಬೋರ್ಡ್ ಹಾಕಲಿ. ಟಿಕೆಟ್ ಇನ್ನೂರು ರೂಪಾಯಿ ಜಾಸ್ತಿಯಾದರೂ ನಾನು ಖುಷಿಯಿಂದ ಕೊಡ್ತೀನಿ.

ನಾವು ಮಾಡಬಹುದಾದದ್ದೂ ಇದೆ. ಒಂಬತ್ತರೊಳಗೆ ಕಾಡು ದಾಟಿ, ನಿಧಾನಕ್ಕೆ ಓಡಿಸಿ, ಕೋತಿಗೆ ಚಿಪ್ಸ್ ಎಸೆಯಬೇಡಿ. ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲದಲ್ಲಿ ಫೋಟೋ ತೆಗೆಸಿಕೊಳ್ಳುವಾಗ ರೈತ ಇಪ್ಪತ್ತು ರೂಪಾಯಿ ಕೇಳಿದರೆ ಗೊಣಗದೆ ಕೊಡಿ. ಹಿಂದಿನ ರಾತ್ರಿ ಅವರು ಅದನ್ನು ಕಾದಿರಬಹುದು.

ಅಂದಹಾಗೆ ಆ ಭಾನುವಾರ ನಮಗೆ ಹುಲಿ ಕಾಣಿಸಲಿಲ್ಲ. ಮಾವನಿಗೆ ಫೋನ್ ಮಾಡಿ ಹೇಳಿದೆ. "ಇಲ್ಗೂ ಬರ್ನಿಲ್ಲ ಕನಪ್ಪ" ಅಂದರು. ಇಬ್ಬರೂ ನಕ್ಕೆವು.